ಸ್ಥಿರವಿದ್ಯುತ್ ಪ್ರಯೋಗ ಪೆಟ್ಟಿಗೆ: ಕಾರವಾರದ ಮಳೆಯಲ್ಲಿ, ಶಿರಸಿಯ ಬಿಸಿಲಿನಲ್ಲಿ

ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗಾಗಿ ಕಳೆದ ಜೂನ್‌ನಲ್ಲಿ 2,400 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಸ್ಥಿರವಿದ್ಯುತ್ ಪ್ರಯೋಗ ಪೆಟ್ಟಿಗೆಯನ್ನು ಏಳು ತಿಂಗಳು ಬಳಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಮೊದಲ ವಾರದಲ್ಲೇ ಬರೆದಿದ್ದರೆ ಇದನ್ನು ಯಾರೂ ಕೊಳ್ಳಬೇಡಿ ಎಂದಿರುತ್ತಿದ್ದೆ, ಮತ್ತು ಅದು ಅನ್ಯಾಯವಾಗುತ್ತಿತ್ತು.

ಪೆಟ್ಟಿಗೆಯಲ್ಲಿ ಗಾಜಿನ ಕಡ್ಡಿ, ಪಿವಿಸಿ ಕೊಳವೆ, ರೇಷ್ಮೆ ಮತ್ತು ಉಣ್ಣೆಯ ಬಟ್ಟೆ, ಗ್ರಾಫೈಟ್ ಬಳಿದ ಎರಡು ಥರ್ಮಾಕೋಲ್ ಗುಂಡು, ಆವೇಶವಿದೆಯೇ ಎಂದು ತೋರಿಸುವ ತೆಳು ಹಾಳೆಯ ವಿದ್ಯುದ್ದರ್ಶಕ, ಹಿಡಿಕೆಯಿರುವ ಅಲ್ಯೂಮಿನಿಯಂ ತಟ್ಟೆ, ಪುಟ್ಟ ನಿಯಾನ್ ದೀಪ, ಚಪ್ಪಟೆ ಟ್ರೇ, ತಾಮ್ರದ ಎರಡು ಪಟ್ಟಿ, ಒಂದು ಲೋಹದ ಉಂಗುರ, 9 ವೋಲ್ಟ್ ಬ್ಯಾಟರಿ ಮತ್ತು ಮಲ್ಟಿಮೀಟರ್ ಇವೆ. ತಯಾರಿಕೆ ಗಟ್ಟಿಯಾಗಿದೆ.

ವಿದ್ಯುದಾವೇಶದ ಪಾಠ ಪುಸ್ತಕದ ಮೊದಲ ಅಧ್ಯಾಯವಾದ್ದರಿಂದ ನಮ್ಮ ಕಾರವಾರದಲ್ಲಿ ಅದು ಮಳೆಗಾಲದ ಜೊತೆಗೇ ಬರುತ್ತದೆ. ಕೊಳವೆಯನ್ನು ಉಣ್ಣೆಯಿಂದ ಎಷ್ಟು ಉಜ್ಜಿದರೂ ಕಾಗದದ ಒಂದು ಚೂರೂ ಅಲುಗಲಿಲ್ಲ. ವಿದ್ಯುದ್ದರ್ಶಕದ ಹಾಳೆಗಳು ಕ್ಷಣಮಾತ್ರ ಬಿಚ್ಚಿಕೊಂಡು ಮತ್ತೆ ಜೋತುಬಿದ್ದವು. ಉಜ್ಜಿದಾಗ ಎಲೆಕ್ಟ್ರಾನ್‌ಗಳು ಉಣ್ಣೆಯಿಂದ ಕೊಳವೆಗೆ ಬರುವುದು ಮಳೆಯಲ್ಲೂ ನಡೆಯುತ್ತದೆ, ಆದರೆ ಅವು ಅಲ್ಲಿ ನಿಲ್ಲುವುದಿಲ್ಲ. ತಪ್ಪು ತೇವದ ಗಾಳಿಯದ್ದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾಗಿ ಆವೇಶವನ್ನು ಸಾಗಿಸಿಬಿಡುವುದು ಕೊಳವೆ, ದಾರ, ಹಿಡಿಕೆಗಳ ಮೈಮೇಲೆ ಕೂರುವ ನೀರಿನ ತೆಳುಪದರ. ಸಮುದ್ರದ ಗಾಳಿ ತರುವ ಉಪ್ಪು ಅದಕ್ಕೆ ಸೇರಿದರೆ ಪದರ ಇನ್ನಷ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಕರಾವಳಿಯ ವಿದ್ಯುತ್ ಕಂಬಗಳ ಪಿಂಗಾಣಿ ಇನ್ಸುಲೇಟರ್‌ಗಳನ್ನು ಕಾಡುವುದೂ ಇದೇ ಉಪ್ಪು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಮತ್ತು ಈ ಪೆಟ್ಟಿಗೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ಸಾಮಾನುಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, 60 ವಾಟ್ ಬಲ್ಬ್ ಉರಿಸಿದ ಮರದ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಟ್ಟು ತೆಗೆದರೆ ಆಗಸ್ಟ್‌ನಲ್ಲೂ ಒಂದೆರಡು ನಿಮಿಷ ಪ್ರಯೋಗ ನಡೆಯುತ್ತದೆ.

ಜನವರಿಯಲ್ಲಿ ಘಟ್ಟ ಹತ್ತಿ ಶಿರಸಿಯ ಅಕ್ಕನ ಮನೆಗೆ ಹೋದಾಗ ಪೆಟ್ಟಿಗೆಯನ್ನೂ ಒಯ್ದೆವು. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ಆ ಹವೆಯಲ್ಲಿ ಎಲ್ಲವೂ ಮೊದಲ ಸಲಕ್ಕೇ ಕೆಲಸ ಮಾಡಿತು. ಒಂದೇ ಬಿಂದುವಿನಿಂದ 30 ಸೆಂಟಿಮೀಟರ್ ದಾರದಲ್ಲಿ ತೂಗಿಬಿಟ್ಟ ಎರಡು ಗುಂಡುಗಳು, ಉಜ್ಜಿದ ಕೊಳವೆಯನ್ನು ಮುಟ್ಟಿಸಿದಾಗ, ಒಂದರಿಂದೊಂದು 4 ಸೆಂಟಿಮೀಟರ್ ದೂರ ಸರಿದು ನಿಂತವು. ಗುಂಡಿನ ತೂಕ 50 ಮಿಲಿಗ್ರಾಂ. ಕೂಲಂಬ್ 1785ರಲ್ಲಿ ತಿರುಚು ತಕ್ಕಡಿಯಿಂದ ಕಂಡುಕೊಂಡ, ಆವೇಶಗಳ ನಡುವಿನ ಬಲದ ನಿಯಮವನ್ನು ಹಚ್ಚಿ ಮಗಳು ಲೆಕ್ಕ ಹಾಕಿದಾಗ, ಎರಡರಲ್ಲೂ ಆವೇಶ ಸಮನಾಗಿದೆ ಎಂದುಕೊಂಡರೆ, ಪ್ರತಿ ಗುಂಡಿನ ಮೇಲೆ ಸುಮಾರು 2.4 ನ್ಯಾನೋಕೂಲಂಬ್ ಬಂತು, ಅಂದರೆ ಸುಮಾರು 1,500 ಕೋಟಿ ಹೆಚ್ಚುವರಿ ಎಲೆಕ್ಟ್ರಾನ್‌ಗಳು. ಆ ಸಂಖ್ಯೆಯನ್ನು ಬರೆದು ಅವಳು ಗುಂಡುಗಳನ್ನೇ ನೋಡುತ್ತಾ ಕುಳಿತದ್ದು ನನಗೆ ಪೆಟ್ಟಿಗೆಯ ಬೆಲೆಗಿಂತ ದೊಡ್ಡದಾಗಿ ಕಂಡಿತು. ಅಲ್ಯೂಮಿನಿಯಂ ತಟ್ಟೆಯನ್ನು ಉಜ್ಜಿದ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು, ಬೆರಳು ಮುಟ್ಟಿಸಿ, ಎತ್ತಿ ನಿಯಾನ್ ದೀಪ ಮಿನುಗಿಸುವುದನ್ನು ಅಕ್ಕನ ಮಗ ಮತ್ತೆ ಮತ್ತೆ ಮಾಡಿದ. ಒಮ್ಮೆ ಉಜ್ಜಿದ ಹಾಳೆ ಅಷ್ಟು ಸಲ ಹೇಗೆ ಬೆಳಕು ಕೊಡುತ್ತದೆ ಎಂದು ಅವನು ಕೇಳಿದ. ಹಾಳೆಯ ಆವೇಶ ಹಾಳೆಯಲ್ಲೇ ಉಳಿಯುತ್ತದೆ. ಆಕರ್ಷಣೆಗೆ ಎದುರಾಗಿ ತಟ್ಟೆಯನ್ನು ಎತ್ತುವ ಕೈ ಮಾಡುವ ಕೆಲಸವೇ ಬೆಳಕಾಗುತ್ತದೆ.

ಮಳೆಗಾಲದಲ್ಲೂ ಯಾವ ತಕರಾರೂ ಇಲ್ಲದೆ ನಡೆಯುವುದು ಟ್ರೇಯ ಪ್ರಯೋಗ. ಅದರಲ್ಲಿ ನಲ್ಲಿ ನೀರು ತುಂಬಿ, ಎರಡೂ ತುದಿಗೆ ತಾಮ್ರದ ಪಟ್ಟಿಯಿಟ್ಟು ಬ್ಯಾಟರಿ ಜೋಡಿಸಿ, ಮಲ್ಟಿಮೀಟರ್‌ನ ಕಡ್ಡಿಯನ್ನು ನೀರಿನಲ್ಲಿ ಸರಿಸುತ್ತಾ ಒಂದೇ ವೋಲ್ಟೇಜ್ ತೋರುವ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಸೇರಿಸಿದರೆ ಸಮವಿಭವ ರೇಖೆಗಳು ಮೂಡುತ್ತವೆ. 18 ಸೆಂಟಿಮೀಟರ್ ಅಂತರಕ್ಕೆ 9 ವೋಲ್ಟ್ ಎಂದರೆ ಸೆಂಟಿಮೀಟರಿಗೆ ಅರ್ಧ ವೋಲ್ಟ್ ಬರಬೇಕು, ನಮಗೆ 0.4 ಬಂತು, ಏಕೆಂದರೆ ಪಟ್ಟಿಗಳ ಮೈಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆ ಒಂದೆರಡು ವೋಲ್ಟನ್ನು ನುಂಗುತ್ತದೆ. ಆಮೇಲೆ ನಡುವೆ ಉಂಗುರವಿಟ್ಟೆವು. ಅದರೊಳಗೆ ಕಡ್ಡಿಯನ್ನು ಎಲ್ಲಿ ಮುಟ್ಟಿಸಿದರೂ ಒಂದೇ ಅಂಕಿ. ವಿಭವ, ಅಂದರೆ ಮೀಟರ್ ತೋರಿಸುವ ಈ ವೋಲ್ಟೇಜ್, ಬದಲಾಗದ ಕಡೆ ಆವೇಶವನ್ನು ತಳ್ಳುವ ವಿದ್ಯುತ್ ಕ್ಷೇತ್ರವಿಲ್ಲ. ಆದರೆ ವಿಭವ ಅಲ್ಲಿ ಸೊನ್ನೆಯಾಗಿರಲಿಲ್ಲ, ನಾಲ್ಕೂವರೆಯ ಆಸುಪಾಸಿನಲ್ಲಿತ್ತು. ಕ್ಷೇತ್ರ ಸೊನ್ನೆಯಾದರೆ ವಿಭವವೂ ಸೊನ್ನೆ ಎಂದು ಬರೆದು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಮಕ್ಕಳಿಗೆ ಈ ಉಂಗುರವನ್ನು ಒಮ್ಮೆ ತೋರಿಸಬೇಕು.

ಕೈಪಿಡಿಯ ಕನ್ನಡ ಭಾಗವನ್ನು ಮಾತ್ರ ಒಪ್ಪಲಾರೆ. ವಿಭವ ಎನ್ನಬೇಕಾದ ಕಡೆ ಸಾಮರ್ಥ್ಯ ಎಂದು ಅಚ್ಚಾಗಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಸಾಮರ್ಥ್ಯವೆಂದರೆ ವಾಟ್‌ಗಳಲ್ಲಿ ಅಳೆಯುವ ಬೇರೆಯೇ ಪರಿಮಾಣ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಈ ಒಂದು ಪದದಿಂದ ಇಡೀ ಪುಟ ತಪ್ಪಾಗಿ ಓದುತ್ತಾನೆ. ನಾನು ಪೆನ್ಸಿಲ್ಲಿನಿಂದ ಹದಿನಾಲ್ಕು ಕಡೆ ತಿದ್ದಿದ್ದೇನೆ.

ಘಟ್ಟದ ಮೇಲಿನವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಯನ್ನು ಮಾತ್ರ ಹೊರತೆಗೆದು, ಕಡ್ಡಿ, ಬಟ್ಟೆ, ಗುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಡಿಸೆಂಬರ್‌ಗೆ ತೆಗೆದಿಡಿ.