ಎಂಡ್ಯೂರೋ ಸೈಕಲ್: ಮೀಡಿಯಂ ತಗೊಳ್ಳೋದಾ, ಲಾರ್ಜಾ?

ಎಂಡ್ಯೂರೋ ಅಂದರೆ ಬೆಟ್ಟದ ಒರಟು ಇಳಿಜಾರಿಗೆ ಮಾಡಿದ, ಮುಂದೆ ಹಿಂದೆ ಸಸ್ಪೆನ್ಷನ್ ಇರುವ ಸೈಕಲ್. ಅದು ತಗೊಳ್ಳೋ ನಿಮ್ಮ ಎತ್ತರ 175 ಸೆಂಟಿಮೀಟರ್ ಅಂದುಕೊಳ್ಳಿ. ಹಲವು ಕಂಪನಿಗಳ ಪಟ್ಟಿಯಲ್ಲಿ ಇದು ಮೀಡಿಯಂ, ಲಾರ್ಜ್ ಎರಡಕ್ಕೂ ಹೊಂದುತ್ತದೆ. ಬೆಲೆಯೂ ಸಾಮಾನ್ಯವಾಗಿ ಒಂದೇ. ಹಾಗಾಗಿ ರೀಚ್ ನೋಡಿ, ಅಂದರೆ ಪೆಡಲ್ ತಿರುಗುವ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿವರೆಗಿನ ಅಡ್ಡ ಅಳತೆ. ಎರಡರ ನಡುವೆ ಸುಮಾರು 20–25 ಮಿಲಿಮೀಟರ್ ವ್ಯತ್ಯಾಸ ಇರುತ್ತದೆ.

ತೀರ್ಥಹಳ್ಳಿ ಕಡೆ ತೋಟದ ಅಂಚಿನ ಕಾಲುದಾರಿಗಳಲ್ಲೇ ಜಾಸ್ತಿ ಓಡಿಸ್ತೀರಾ? ಮೀಡಿಯಂ ತಗೊಳ್ಳಿ. ಬೇರು, ಗಿಡ್ಡ ತಿರುವು, ಜಾರುವ ಎಲೆ ಇರುವಲ್ಲಿ ಸೈಕಲ್ ಬೇಗ ಮಾತು ಕೇಳಬೇಕು. ಕೊಡಚಾದ್ರಿಯ ಜೀಪ್ ದಾರಿಯಂಥ ಅಗಲವಾದ, ಕಲ್ಲು ತುಂಬಿದ ಇಳಿಜಾರಿನಲ್ಲಿ ವೇಗವಾಗಿ ಇಳಿಯೋದೇ ಇಷ್ಟವಾದರೆ ಲಾರ್ಜ್ ಒಳ್ಳೇದು. ಅದರ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ಅಚ್ಚಿನ ನಡುವಿನ ದೂರ, ಉದ್ದ ಇರೋದರಿಂದ ಸೈಕಲ್ ಅಷ್ಟಾಗಿ ಅಲುಗಾಡುವುದಿಲ್ಲ, ಧೈರ್ಯ ಕೊಡುತ್ತದೆ.

ಕಾಲು ಗಿಡ್ಡವಿದ್ದರೆ ಮಾತ್ರ ಲಾರ್ಜ್‌ನ ಸೀಟ್ ಟ್ಯೂಬ್ (ಸೀಟಿನ ಕಂಬ ಇಳಿಯುವ ಫ್ರೇಮಿನ ಕೊಳವೆ) ಅಳೆಯಿರಿ. ಅದು ಉದ್ದವಾದರೆ ಡ್ರಾಪರ್ ಪೋಸ್ಟ್, ಅಂದರೆ ಓಡಿಸುವಾಗಲೇ ಸೀಟು ಇಳಿಸಿ ಏರಿಸುವ ಕಂಬ, ಸಾಕಷ್ಟು ಕೆಳಗೆ ಕೂರಲ್ಲ. ಇಳಿಜಾರಿನಲ್ಲಿ ಅದು ದೊಡ್ಡ ತೊಂದರೆ.

ಯಾವುದೇ ತಗೊಂಡರೂ ಸ್ಯಾಗ್, ಅಂದರೆ ನೀವು ಕೂತಾಗ ಸಸ್ಪೆನ್ಷನ್ ಕುಸಿಯುವ ಪ್ರಮಾಣ, ಸರಿಮಾಡದೆ ಹೊರಡಬೇಡಿ. ನೀರಿನ ಬ್ಯಾಗ್ ಹಾಕಿಕೊಂಡೇ ಅಳೆಯಿರಿ. ಹಿಂದಿನ ಶಾಕ್‌ನ ಸ್ಟ್ರೋಕ್ (ಅದು ಪೂರ್ತಿ ಕುಸಿಯುವ ದೂರ) 60 ಮಿಲಿಮೀಟರ್ ಇದ್ದರೆ, 30 ಶೇಕಡಾ ಅಂದರೆ 18 ಮಿಲಿಮೀಟರ್ ಕುಸಿಯಬೇಕು. ಮುಂದಿನ ಫೋರ್ಕ್‌ಗೆ 20 ಶೇಕಡಾ ಸಾಕು. ಮಳೆಗಾಲದ ಕೆಂಪು ಕೆಸರಿಗೆ ಮೇಲಿನ ರಬ್ಬರ್ ಉಬ್ಬುಗಳು ದೂರ ದೂರ ಇರುವ ಟೈರ್ ಹಾಕಿಸಿ.