ಡೆಸೌನ ಬೌಹೌಸ್‌ನಲ್ಲಿ ಒಂದು ರಾತ್ರಿ: ಹೋಟೆಲ್ ಅಂದುಕೊಂಡು ಹೋಗಬೇಡಿ

ಜರ್ಮನಿಯ ಡೆಸೌ ಊರಿನ ಬೌಹೌಸ್ ಕಲಾಶಾಲೆಯನ್ನು ಟಿಕೆಟ್ ತೆಗೆದು ಎರಡು ತಾಸಿನಲ್ಲಿ ನೋಡಿ ಹೊರಡುವವರೇ ಹೆಚ್ಚು. ವಿದ್ಯಾರ್ಥಿಗಳು ವಾಸವಿದ್ದ ಐದಂತಸ್ತಿನ ಸ್ಟುಡಿಯೊ ಕಟ್ಟಡದಲ್ಲಿ ಈಗ ಬಾಡಿಗೆಗೆ ಕೋಣೆ ಸಿಗುತ್ತದೆ. ಕಟ್ಟಡ ಅರ್ಥವಾಗಬೇಕಿದ್ದರೆ ಅಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು.

ಆಗ ಇಲ್ಲಿದ್ದದ್ದು 28 ಕೋಣೆಗಳು, ಒಂದೊಂದೂ ಸುಮಾರು 20 ಚದರ ಮೀಟರ್. ಗೋಡೆಯ ಗೂಡಿನಲ್ಲಿ ಮಂಚ, ಗೋಡೆಯಲ್ಲೇ ಕಪಾಟು, ಮೂಲೆಯಲ್ಲೊಂದು ವಾಶ್‌ಬೇಸಿನ್. ಮಲಗುವುದೂ ಅಲ್ಲೇ, ಕೆಲಸವೂ ಅಲ್ಲೇ. ಶೌಚಾಲಯ, ಸ್ನಾನದ ಕೋಣೆ ಇಂದಿಗೂ ಹೊರಗೆ, ಎಲ್ಲರಿಗೂ ಸೇರಿ. ಚಪ್ಪಲಿ, ಟವೆಲ್ಲು ಕೈಗೆ ಸಿಗುವಂತಿರಲಿ. ರಾತ್ರಿ ಪದೇ ಪದೇ ಏಳಬೇಕಾದ ಹಿರಿಯರಿಗೆ ಈ ಜಾಗ ಬೇಡ.

ಬುಕ್ ಮಾಡುವಾಗ ಪೂರ್ವಕ್ಕೆ ಮುಖವಿರುವ ಕೋಣೆಯನ್ನೇ ಕೇಳಿ. ಫೋಟೊಗಳಲ್ಲಿ ಕಾಣುವ ಆ ಪುಟ್ಟ ಬಾಲ್ಕನಿಗಳಿರುವುದು ಆ ಕಡೆ. ಒಬ್ಬರು ಕುರ್ಚಿ ಹಾಕಿಕೊಳ್ಳುವಷ್ಟೇ ಜಾಗ, ಆದರೂ ಅದಿಲ್ಲದೆ ಈ ಕಟ್ಟಡದ ಅರ್ಧ ಖುಷಿ ಹೋದಂತೆ. ಒಂದೇ ತಕರಾರು: ಜೂನ್‌ನಲ್ಲಿ ಬೆಳಗ್ಗೆ ಐದಕ್ಕೆಲ್ಲ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕಣ್ಣುಪಟ್ಟಿ ಒಯ್ಯಿರಿ.

ಇನ್ನು ಕಟ್ಟಡದ ವಿಷಯ. 1919ರಲ್ಲಿ ವೈಮಾರ್‌ನಲ್ಲಿ ಶುರುವಾದ ಶಾಲೆಗೆ ಅಲ್ಲಿನ ಸರ್ಕಾರ ಹಣ ಕಡಿತ ಮಾಡಿದ ಮೇಲೆ, 1925ರಲ್ಲಿ ಡೆಸೌ ನಗರಸಭೆ ಜಾಗ ಕೊಟ್ಟು ಕರೆಸಿಕೊಂಡಿತು. ಶಾಲೆಯ ಸ್ಥಾಪಕ, ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ವಿನ್ಯಾಸದ ಕಟ್ಟಡ ಉದ್ಘಾಟನೆಯಾದದ್ದು 1926ರ ಡಿಸೆಂಬರ್ 4ರಂದು. 1932ರಲ್ಲಿ ನಾತ್ಸಿಗಳ ಬಹುಮತವಿದ್ದ ಅದೇ ನಗರಸಭೆ ಶಾಲೆಯನ್ನು ಮುಚ್ಚಿಸಿತು. ಇಷ್ಟೆಲ್ಲ ಹೆಸರು ಮಾಡಿದ ಕಟ್ಟಡ ಶಾಲೆಯಾಗಿ ಬಾಳಿದ್ದು ಆರು ವರ್ಷವೂ ಪೂರ್ತಿಯಿಲ್ಲ!

ವರ್ಕ್‌ಶಾಪ್ ಭಾಗದ ಗಾಜಿನ ಗೋಡೆಯನ್ನು ಮೂಲೆಯಲ್ಲಿ ನಿಂತು ನೋಡಿ. ಅಲ್ಲಿ ಕಂಬವಿಲ್ಲ. ಭಾರ ಹೊರುವ ಕಾಂಕ್ರೀಟ್ ಕಂಬಗಳು ಒಳಗೆ ಸರಿದಿವೆ, ನೆಲದ ಸ್ಲ್ಯಾಬ್ ಅವನ್ನು ದಾಟಿ ಮುಂದೆ ಚಾಚಿದೆ, ಗಾಜು ಪರದೆಯಂತೆ ಅದರ ಮುಂದೆ ಇಳಿಬಿದ್ದಿದೆ. ಸೊಗಸೇನೋ ಸರಿ. ಆದರೆ ಹಾಕಿದ್ದು ಒಂಟಿ ಪದರದ ಗಾಜು. ಬೇಸಿಗೆಯಲ್ಲಿ ಒಳಗೆ ಕುದಿ, ಚಳಿಗಾಲದಲ್ಲಿ ಹೀಟರ್ ಉರಿಸಿದಷ್ಟೂ ಶಾಖ ಹೊರಕ್ಕೆ. ಸಪಾಟಾದ ತಾರಸಿಯೂ ಸೋರುತ್ತಿತ್ತು. ಇನ್ನೊಂದು ಮಾತು, ಈಗ ಕಾಣುವ ಗಾಜಿನ ಗೋಡೆ 1926ರದ್ದಲ್ಲ. ಮೊದಲಿನದು 1945ರ ಬಾಂಬ್ ದಾಳಿಯಲ್ಲಿ ನಾಶವಾಯಿತು, ಇದು 1976ರ ದುರಸ್ತಿಯಲ್ಲಿ ಮತ್ತೆ ಕೂತದ್ದು.

ಕಿಟಕಿ ತೆರೆಯುವ ಏರ್ಪಾಟನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಗೋಡೆಯ ಮೇಲಿನ ಚಕ್ರ ತಿರುಗಿಸಿದರೆ ಸರಪಳಿ ಎಳೆದು, ಕೈಗೆಟುಕದ ಒಂದಿಡೀ ಸಾಲು ಕಿಟಕಿಗಳು ಒಟ್ಟಿಗೆ ವಾಲಿ ತೆರೆದುಕೊಳ್ಳುತ್ತವೆ. ಮೆಟ್ಟಿಲ ಬಳಿ ರೇಡಿಯೇಟರನ್ನು ಚಿತ್ರಪಟ ತೂಗುಹಾಕಿದ ಹಾಗೆ ಗೋಡೆಗೆ ಎತ್ತರದಲ್ಲಿ ಸಿಕ್ಕಿಸಿದ್ದಾರೆ; ಪ್ರದರ್ಶನಕ್ಕೆ ಸರಿ, ಬಿಸಿ ಗಾಳಿ ಮೇಲಕ್ಕೇ ಹೋಗುವುದರಿಂದ ಕಾಲಿಗೆ ಏನೂ ಸಿಗದು.

ಸಭಾಂಗಣದ ಮಡಚುವ ಕುರ್ಚಿಗಳು ಇಲ್ಲೇ ಕಲಿಸುತ್ತಿದ್ದ ಮಾರ್ಸೆಲ್ ಬ್ರಾಯರ್ ಅವರ ಉಕ್ಕಿನ ಕೊಳವೆ ವಿನ್ಯಾಸ. ವೇದಿಕೆಯ ಹಿಂಬದಿ ತೆರೆದರೆ ಅತ್ತ ಕ್ಯಾಂಟೀನು. ಹಬ್ಬದ ದಿನ ಎರಡೂ ಸೇರಿ ಒಂದೇ ಹಜಾರ. ಗೈಡ್ ಜೊತೆಗಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ, ಸುಮ್ಮನೆ ಅಡ್ಡಾಡುವವರಿಗೆ ಇಂಥ ವಿವರಗಳು ಕಣ್ಣಿಗೆ ಬೀಳುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಬೌಹೌಸ್ ಮ್ಯೂಸಿಯಂ ಬೇರೆ, ಈ ಕಟ್ಟಡ ಬೇರೆ. 2019ರಲ್ಲಿ ತೆರೆದ ಮ್ಯೂಸಿಯಂ ಇರುವುದು ರೈಲು ನಿಲ್ದಾಣದ ಪೂರ್ವಕ್ಕೆ, ಊರೊಳಗಿನ ಪಾರ್ಕಿನಲ್ಲಿ. ಶಾಲೆಗೆ ನಿಲ್ದಾಣದ ಪಶ್ಚಿಮ ಬದಿಯಿಂದ ಹೊರಬಿದ್ದು ಹತ್ತು ನಿಮಿಷ ನಡೆಯಬೇಕು. ಬರ್ಲಿನ್‌ನಿಂದ ಪ್ರಾದೇಶಿಕ ರೈಲಿದೆ, ದೇಶವಿಡೀ ಸ್ಥಳೀಯ ಮತ್ತು ಪ್ರಾದೇಶಿಕ ಸಾರಿಗೆಗೆ ಸಲ್ಲುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, ನಡೆಯುತ್ತದೆ. ಬೌಹೌಸ್‌ನಲ್ಲಿ ಕಲಿಸುತ್ತಿದ್ದ ಮೇಷ್ಟ್ರುಗಳ ಮನೆಗಳಿಗೂ ಶಾಲೆಯಿಂದ ನಡೆದೇ ಹೋಗಬಹುದು. ಅವುಗಳಲ್ಲಿ ಗ್ರೋಪಿಯಸ್ ಮನೆ ಅಂತ ತೋರಿಸುವುದು 2014ರಲ್ಲಿ ಕಟ್ಟಿದ ಕಾಂಕ್ರೀಟ್ ಆಕೃತಿ. ಸಮಯ ಕಮ್ಮಿ ಇದ್ದರೆ ಅದನ್ನು ಬಿಟ್ಟು ಚಿತ್ರಕಾರರಾದ ಕಾಂಡಿನ್‌ಸ್ಕಿ ಮತ್ತು ಕ್ಲೇ ಇದ್ದ ಜೋಡಿಮನೆಗೆ ಹೋಗಿ.