ಊರಿಗೆ ಮರಳುವುದೋ ಬೇಡವೋ ಎಂಬವರಿಗೆ: ಸರಸ್ವತಿಪುರಂನ ಒಂದು ಬಾಡಿಗೆ ಮನೆ

ಮೈಸೂರಿನ ಸರಸ್ವತಿಪುರಂನಲ್ಲಿ ತಿಂಗಳ ಲೆಕ್ಕಕ್ಕೆ ಸಾಮಾನು ಸಹಿತ ಬಾಡಿಗೆಗೆ ಸಿಗುವ ಮನೆಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಎರಡು ಮಲಗುವ ಕೋಣೆ, ಮೊದಲ ಮಹಡಿ, ಕೆಳಗೆ ಮಾಲೀಕರು. ಮಾಲೀಕರು ಕೇಳಿಕೊಂಡದ್ದರಿಂದ ವಿಳಾಸ ಕೊಡುವುದಿಲ್ಲ. ಆದರೆ ಇಂಥ ಮನೆಗಳು ಕುವೆಂಪುನಗರ, ಜಯಲಕ್ಷ್ಮೀಪುರಂ ಕಡೆಯೂ ಇವೆ. ಪ್ರವಾಸಿಗರಿಗಾಗಿ ಅರಮನೆಯ ಸುತ್ತಮುತ್ತ ಇರುವ ದಿನಬಾಡಿಗೆ ಕೋಣೆಗಳ ಮಾತು ಇದಲ್ಲ. ಹೊರದೇಶದಲ್ಲಿ ನೆಲೆಸಿ, ವರ್ಷವರ್ಷವೂ ಊರಿಗೆ ಬಂದು, ಹೋಗುವಾಗ ವಿಮಾನ ನಿಲ್ದಾಣದಲ್ಲಿ ‘ಮರಳಿಬಿಡೋಣವೇ?’ ಎಂದು ಒಬ್ಬರ ಮುಖ ಒಬ್ಬರು ನೋಡುವ ನನ್ನಂಥ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮ್ಯೂನಿಕ್‌ನಲ್ಲಿ. ಬವೇರಿಯಾದ ಶಾಲೆಗಳಿಗೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ ರಜೆ. ಆ ಹೊತ್ತಿಗೆ ಮೈಸೂರಿನಲ್ಲಿ ಜಿಟಿಜಿಟಿ ಮಳೆ, ಶಾಲೆಗಳು ನಡೆಯುತ್ತಿರುತ್ತವೆ, ಎಲ್ಲರೂ ಅವರವರ ಕೆಲಸದಲ್ಲಿರುತ್ತಾರೆ. ನಮಗೆ ಬೇಕಾಗಿದ್ದದ್ದೂ ಅದೇ. ಡಿಸೆಂಬರ್‌ನಲ್ಲಿ ಬಂದರೆ ಊರಿಗೆ ಊರೇ ನಮ್ಮನ್ನು ಎತ್ತಿ ಆಡಿಸುತ್ತದೆ. ಮದುವೆ, ಮುಂಜಿ, ನೆಂಟರ ಮನೆಯ ಊಟ, ಹಿತವಾದ ಬಿಸಿಲು. ಆ ಸುಖದ ಆಧಾರದ ಮೇಲೆ ಬದುಕಿನ ನಿರ್ಧಾರ ಮಾಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನ ತವರುಮನೆ ಒಂಟಿಕೊಪ್ಪಲಿನಲ್ಲಿದೆ. ಬಾಡಿಗೆ ಮನೆಯ ವಿಷಯ ಹೇಳಿದಾಗ ಅಮ್ಮನಿಗೆ ನೋವಾಯಿತು. ‘ಅಪ್ಪನ ಮನೆ ಇರುವಾಗ ಅದೇ ಊರಿನಲ್ಲಿ ಬಾಡಿಗೆ ಮನೆಯೇ ಪುಟ್ಟಿ? ಕೇಳಿದವರಿಗೆ ಏನು ಹೇಳಲಿ?’ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಅಮ್ಮನ ಮನೆಯಲ್ಲಿ ನನ್ನ ಕೈಗೆ ಕಾಫಿ ಬರುತ್ತದೆಯೇ ಹೊರತು ಹಾಲು ಎಲ್ಲಿಂದ ಬಂತು, ಗ್ಯಾಸ್ ಯಾವಾಗ ಮುಗಿಯಿತು, ಕೆಲಸದವಳು ಏಕೆ ಬರಲಿಲ್ಲ ಎಂಬುದು ತಿಳಿಯುವುದೇ ಇಲ್ಲ. ತವರಿನಲ್ಲಿ ಮಗಳು ಯಾವಾಗಲೂ ಅತಿಥಿ. ಅತಿಥಿಯ ಕಣ್ಣಿಗೆ ಕಾಣುವ ಊರು ಬೇರೆ, ಮನೆ ನಡೆಸುವವರ ಕಣ್ಣಿಗೆ ಕಾಣುವ ಊರು ಬೇರೆ. ನಮಗೆ ಎರಡನೆಯದನ್ನು ನೋಡಬೇಕಾಗಿತ್ತು.

ಮನೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಕಟ್ಟಡ, ಕೆಂಪು ಗಾರೆ ನೆಲ, ಎತ್ತರದ ಕಿಟಕಿಗಳು, ಮಹಡಿಯ ಮೇಲೆ ಸೋಲಾರ್ ಹೀಟರ್. ಅಡುಗೆಮನೆಯಲ್ಲಿ ಕುಕ್ಕರ್, ಮಿಕ್ಸಿ, ಕಾವಲಿ, ಕಾಫಿ ಫಿಲ್ಟರ್, ಈಳಿಗೆಮಣೆ, ಮಸಾಲೆ ಡಬ್ಬಿ ಎಲ್ಲವೂ ಇದ್ದವು. ಎರಡೇ ತಟ್ಟೆ, ನಾಲ್ಕೇ ಲೋಟ ಇಟ್ಟು ‘ಸಕಲ ಸೌಲಭ್ಯ’ ಎನ್ನುವ ಮನೆಗಳನ್ನೂ ಕಂಡಿದ್ದೇನೆ, ಇದು ಹಾಗಲ್ಲ. ಎಂಟು ಜನರನ್ನು ಕೂರಿಸಿ ಊಟ ಹಾಕುವಷ್ಟು ಪಾತ್ರೆಪಡಗ ಇತ್ತು. ವರಮಹಾಲಕ್ಷ್ಮಿ ಹಬ್ಬದಂದು ಅಪ್ಪ, ಅಮ್ಮ, ಅತ್ತಿಗೆಯ ಮಕ್ಕಳನ್ನು ಇಲ್ಲಿಗೇ ಕರೆದು ಊಟ ಹಾಕಿದೆ. ಅಮ್ಮನಿಗೆ ನಾನು ಬಡಿಸಿದ್ದು, ಮದುವೆಯಾದ ಮೇಲೆ ಮೈಸೂರಿನಲ್ಲಿ ಅದೇ ಮೊದಲು.

ಈ ಮನೆಯ ನಿಜವಾದ ಆಸ್ತಿ ಎಂದರೆ ಫ್ರಿಡ್ಜ್ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಒಂದು ಗೆರೆಯ ನೋಟ್‌ಬುಕ್. ಮಾಲೀಕರಾದ ನಿವೃತ್ತ ಶಿಕ್ಷಕಿ ತಮ್ಮ ದುಂಡು ಅಕ್ಷರದಲ್ಲಿ ಮೊದಲ ಹತ್ತಾರು ಪುಟ ಬರೆದಿದ್ದಾರೆ. ನಲ್ಲಿ ನೀರು ಯಾವ ದಿನ, ಎಷ್ಟು ಗಂಟೆಗೆ. ಸಂಪು ತುಂಬಿದ ಮೇಲೆ ಮೋಟರ್ ಹಾಕಿ ಸಿಂಟೆಕ್ಸ್ ತುಂಬಿಸುವುದು ಹೇಗೆ, ಆರಿಸಲು ಮರೆತರೆ ಯಾವ ಮೂಲೆಯಿಂದ ನೀರು ಸುರಿಯುತ್ತದೆ. ಹಸಿ ಕಸ, ಒಣ ಕಸದ ಗಾಡಿ ಬರುವ ಹೊತ್ತು. ಹಾಲಿನವನ, ಪ್ಲಂಬರನ, ಎಲೆಕ್ಟ್ರಿಷಿಯನ್ನನ ನಂಬರು. ಅದರ ಕೆಳಗೆ ನಮಗಿಂತ ಮೊದಲು ಇದ್ದವರು ಬೇರೆ ಬೇರೆ ಕೈಬರಹದಲ್ಲಿ ಸೇರಿಸುತ್ತಾ ಬಂದಿದ್ದಾರೆ. ಸಿಡ್ನಿಯಿಂದ ಬಂದಿದ್ದ ಒಬ್ಬರು ಯಾವ ಆಟೋ ನಿಲ್ದಾಣದಲ್ಲಿ ಮೀಟರ್ ಹಾಕುತ್ತಾರೆ ಎಂದು ಬರೆದಿದ್ದಾರೆ. ಡಲ್ಲಾಸ್‌ನವರೊಬ್ಬರು ಮಕ್ಕಳ ಶಾಲೆಗಳಿಗೆ ಹೋಗಿ ವಿಚಾರಿಸಿದ್ದನ್ನು ಪುಟಗಟ್ಟಲೆ ಬರೆದಿದ್ದಾರೆ. ಇನ್ನೊಬ್ಬರು ಮರಳುವ ಯೋಚನೆಯನ್ನು ಬಿಟ್ಟದ್ದೇಕೆ ಎಂದು ಮೂರೇ ಸಾಲಿನಲ್ಲಿ ಹೇಳಿದ್ದಾರೆ: ಅವರ ಹೆಂಡತಿಯ ವೃತ್ತಿಗೆ ಇಲ್ಲಿ ಅವಕಾಶವಿರಲಿಲ್ಲ, ಒಬ್ಬರ ಊರಿಗಾಗಿ ಇನ್ನೊಬ್ಬರ ಕೆಲಸವನ್ನು ಕಿತ್ತುಕೊಳ್ಳಲಾರೆ ಎಂದು. ಆ ಪುಟವನ್ನು ಓದಿ ನಾನೂ ನನ್ನ ಗಂಡನೂ ಬಹಳ ಹೊತ್ತು ಮಾತಾಡಿದೆವು. ನಮ್ಮ ನಡುವೆ ಆವರೆಗೆ ಬಾರದಿದ್ದ ಮಾತು ಅದು.

ನೋಟ್‌ಬುಕ್‌ನ ಹಿಂಬದಿಯಲ್ಲಿ ಕಾಗದಪತ್ರಗಳ ವಿಚಾರವಿದೆ. ಅದನ್ನು ಹಿಡಿದುಕೊಂಡೇ ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಒಂದೊಂದನ್ನೂ ಖಚಿತ ಮಾಡಿಕೊಂಡೆವು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದವರು ಮರಳಿ ಬಂದರೆ, ಆರಂಭದ ಅವಧಿಗೆ ಆದಾಯ ತೆರಿಗೆಯಲ್ಲಿ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವರ್ಗಕ್ಕೆ ಸೇರುತ್ತಾರೆ. ಆಗ ಹೊರದೇಶದ ಠೇವಣಿಯ ಬಡ್ಡಿಯಂಥ ಆದಾಯಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅನಿವಾಸಿಗಳು ಹೊರದೇಶದ ದುಡಿಮೆಯನ್ನು ಇಡುವ ಎನ್‌ಆರ್‌ಇ ಬ್ಯಾಂಕ್ ಖಾತೆಯನ್ನು ಮಾತ್ರ ಮರಳಿದ ಮೇಲೆ ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ನಿವಾಸಿ ಖಾತೆಗೆ ಬದಲಿಸಬೇಕು. ನಂಜನಗೂಡಿನ ಕಡೆ ಎರಡು ಎಕರೆ ತೋಟ ಕೊಳ್ಳಬೇಕೆಂಬುದು ನನ್ನ ಗಂಡನ ಬಹುದಿನದ ಆಸೆ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಿತು, ನಿಜ. ಆದರೆ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅನಿವಾಸಿಯಾಗಿ ಇರುವವರೆಗೆ ಮನೆ, ಸೈಟು ಕೊಳ್ಳಬಹುದೇ ಹೊರತು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ತೋಟ ನೋಡಲು ಹೋಗಬೇಕಾದದ್ದು ಮರಳಿ ಬಂದ ಮೇಲೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯ ಆ ನೋಟ್‌ಬುಕ್‌ನಲ್ಲಿ ಇರಲಿಲ್ಲ, ನಾನೇ ಬರೆದು ಬಂದಿದ್ದೇನೆ. ನಮ್ಮ ಮೂವರ ಪಾಸ್‌ಪೋರ್ಟೂ ಭಾರತದ್ದು. ಜರ್ಮನಿಯ ಶಾಶ್ವತ ವಾಸದ ಪರವಾನಗಿ ನಮ್ಮ ಬಳಿ ಇದೆ, ಆದರೆ ಆ ದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಹೆಚ್ಚಿನ ಅವಧಿ ಬೇಕಿದ್ದರೆ ಹೊರಡುವ ಮೊದಲೇ ಅಲ್ಲಿನ ಕಚೇರಿಯಿಂದ ಒಪ್ಪಿಗೆ ಪಡೆಯಬೇಕು. ‘ಹೋಗಿ ಒಂದು ವರ್ಷ ಇದ್ದು ನೋಡೋಣ, ಸರಿಹೋಗದಿದ್ದರೆ ವಾಪಸು ಬರೋಣ’ ಎಂಬುದು ನಮ್ಮ ಪಾಲಿಗೆ ಅಷ್ಟು ಸುಲಭವಲ್ಲ. 2024ರ ಜೂನ್‌ನಿಂದ ಜರ್ಮನಿ ಐದು ವರ್ಷದ ವಾಸಕ್ಕೇ ಪೌರತ್ವ ಕೊಡುತ್ತದೆ, ಹಳೆಯ ಪೌರತ್ವವನ್ನು ಬಿಡಬೇಕೆಂದೂ ಕೇಳುವುದಿಲ್ಲ. ಆದರೆ ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿಯದನ್ನು ಪಡೆದ ಕ್ಷಣವೇ ಇಲ್ಲಿಯದು ಹೋಗುತ್ತದೆ. ಆಮೇಲೆ ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಹಿಡಿದು ಜೀವನಪರ್ಯಂತ ಇಲ್ಲಿ ಇರಬಹುದು, ಆದರೆ ಮತದಾನವಿಲ್ಲ, ಕೃಷಿಭೂಮಿಯೂ ಇಲ್ಲ. ಜರ್ಮನಿಗೆ ವಾಪಸು ಹೋಗುವ ಬಾಗಿಲನ್ನು ತೆರೆದಿಡಲು ತಾಯ್ನಾಡಿನ ಪೌರತ್ವವನ್ನೇ ಬಿಡಬೇಕೆಂಬುದು ನನಗೆ ಈಗಲೂ ಸಂಕಟದ ವಿಷಯ.

ದಿನಚರಿ ಹೇಗಿತ್ತೆಂದು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ನನ್ನ ಗಂಡ ಕಚೇರಿಯ ಲಿಖಿತ ಅನುಮತಿ ಪಡೆದು ಕೆಲವು ವಾರ ಇಲ್ಲಿಂದಲೇ ಕೆಲಸ ಮಾಡಿದರು. ಬೇಸಿಗೆಯಲ್ಲಿ ಮ್ಯೂನಿಕ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಒಂಬತ್ತಾದಾಗ ಇಲ್ಲಿ ಹನ್ನೆರಡೂವರೆ. ಬೆಳಗೆಲ್ಲ ನಮ್ಮದು. ಮನೆಯಿಂದ ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. ಕೆರೆಯ ಏರಿಯ ಮೇಲೆ ನಡೆದು ಬಂದು, ದಾರಿಯಲ್ಲಿ ಸೊಪ್ಪು ಕೊಂಡು, ತಿಂಡಿ ಮುಗಿಸಿ ನಾನು ಒಂಟಿಕೊಪ್ಪಲಿಗೆ ಹೋಗುತ್ತಿದ್ದೆ. ಇಂಟರ್‌ನೆಟ್ ಒಮ್ಮೆಯೂ ಕೈಕೊಡಲಿಲ್ಲ. ಆದರೆ ಅವರ ಕೆಲಸ ಮುಗಿಯುವಾಗ ರಾತ್ರಿ ಒಂಬತ್ತೂವರೆ, ಮಗಳು ಮಲಗಿರುತ್ತಿದ್ದಳು. ಹೊರದೇಶದ ಕೆಲಸವನ್ನು ಇಲ್ಲಿಂದ ಮಾಡುತ್ತೇವೆ ಎನ್ನುವವರು ಸಂಜೆಯ ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಒಂಟಿಕೊಪ್ಪಲಿಗೆ ದಿನವೂ ಹೋಗಿ ಅಪ್ಪನ ಪಕ್ಕ ಸುಮ್ಮನೆ ಕೂತದ್ದರಿಂದ ಒಂದು ಸಂಗತಿ ತಿಳಿಯಿತು. ವಿಡಿಯೊ ಕರೆಯಲ್ಲಿ ನಾವು ಏನು ಹೇಳಿದರೂ ಅಪ್ಪ ‘ಸರಿ, ಸರಿ’ ಎನ್ನುತ್ತಿದ್ದರು. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಬಾಗಿಲ ಗಂಟೆ ಹೊಡೆದರೆ ಅಮ್ಮನ ಮುಖ ನೋಡಿ ಎದ್ದು ಹೋಗುತ್ತಿದ್ದರು. ನಾವು ದೂರದಲ್ಲಿ ಗಾಬರಿಯಾಗಬಾರದೆಂದು ಇಬ್ಬರೂ ಸೇರಿ ಮುಚ್ಚಿಟ್ಟಿದ್ದರು. ವೈದ್ಯರ ಬಳಿ ಕರೆದುಕೊಂಡು ಹೋಗಿ, ಶ್ರವಣ ಸಾಧನ ಹಾಕಿಸಿ, ಅದು ಒಗ್ಗುವವರೆಗೂ ಜೊತೆಗಿರಲು ಸಾಧ್ಯವಾಯಿತು. ಎರಡು ವಾರದ ರಜೆಯಲ್ಲಿ ಇದು ನಮ್ಮ ಗಮನಕ್ಕೆ ಬರುತ್ತಲೇ ಇರಲಿಲ್ಲ.

ಮಗಳಿಗೆ ಕೆಳಗಿನ ಮನೆಯ ಶಿಕ್ಷಕಿಯೇ ಮುಖ್ಯ ಆಕರ್ಷಣೆ. ‘ಟೀಚರ್ ಅಜ್ಜಿ’ ಎಂದು ಕರೆಯುತ್ತಿದ್ದಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಸ್ಲೇಟಿನಲ್ಲಿ ಒತ್ತಕ್ಷರ ತಿದ್ದುತ್ತಿದ್ದಳು. ‘ಅಕ್ಕ’ ಬರೆಯಲು ಹೇಳಿದರೆ ಮೊದಮೊದಲು ‘ಅಕಕ’ ಎಂದು ಬರೆದಳು. ಅಜ್ಜಿ ಎರಡನೆಯ ‘ಕ’ವನ್ನು ಬೆರಳಿನಿಂದ ಅಳಿಸಿ ಕೆಳಗಿನ ಒತ್ತನ್ನು ಅವಳ ಕೈ ಹಿಡಿದೇ ತಿದ್ದಿಸಿದರು. ಹೊರಡುವ ಹೊತ್ತಿಗೆ ಬಸ್ಸಿನ ಬೋರ್ಡುಗಳನ್ನು ಕೂಗಿ ಓದುತ್ತಿದ್ದಳು. ಬಾಡಿಗೆಯ ಕರಾರಿನಲ್ಲಿ ಇದು ಇರಲಿಲ್ಲ. ದುಡ್ಡು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಕೊರತೆಗಳೂ ಇವೆ. ಮೆಟ್ಟಿಲು ಕಡಿದಾಗಿವೆ, ಲಿಫ್ಟ್ ಇಲ್ಲ. ಮಂಡಿನೋವಿನ ಅಪ್ಪ ಹಬ್ಬದ ದಿನ ಹತ್ತಿ ಬಂದವರು ಮತ್ತೆ ಬರಲಿಲ್ಲ. ವಯಸ್ಸಾದವರು ಬಂದು ಹೋಗಲೆಂದೇ ಮನೆ ಹಿಡಿಯುವ ನಮ್ಮಂಥವರಿಗೆ ಇದು ದೊಡ್ಡ ಕೊರತೆ. ಇನ್ವರ್ಟರ್ ಬ್ಯಾಟರಿ ಹಳೆಯದಾಗಿತ್ತು. ಮಳೆಗೆ ಕರೆಂಟ್ ಹೋದಾಗ ಅರ್ಧ ಗಂಟೆಗೇ ಕೈಚೆಲ್ಲಿತು. ತಿಳಿಸಿದ ಮೇಲೆ ಹೊಸದು ಹಾಕಿಸಿದರು, ಆದರೆ ಮನೆಯಿಂದ ಕೆಲಸ ಮಾಡುತ್ತೇವೆಂದು ಮೊದಲೇ ಹೇಳಿದ್ದವರಿಗೆ ಅದು ಬಂದ ದಿನವೇ ಸಿದ್ಧವಿರಬೇಕಿತ್ತು. ಹಿಂಬದಿಯ ಕೋಣೆಯ ಸೊಳ್ಳೆ ಪರದೆ ಹರಿದಿದೆ. ಬರೆಯಲು ಕೂರುವ ಮೇಜು ಒಂದೇ, ಅದೂ ಅಲುಗಾಡುತ್ತದೆ.

ಬಾಡಿಗೆ ತಿಂಗಳಿಗೆ 42,000 ರೂಪಾಯಿ, ವಿದ್ಯುತ್ ಮತ್ತು ಗ್ಯಾಸ್ ಬೇರೆ. ಇದೇ ಬಡಾವಣೆಯಲ್ಲಿ ವರ್ಷದ ಕರಾರಿಗೆ ಖಾಲಿ ಮನೆ ಹಿಡಿದರೆ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಹೀಗಾಗಿ ಅಗ್ಗವೆನ್ನಲಾರೆ. ಮುಂಗಡವಾಗಿ ಒಂದು ತಿಂಗಳ ಬಾಡಿಗೆ ಪಡೆದಿದ್ದರು. ಹೊರಡುವ ಹಿಂದಿನ ಸಂಜೆ ಬಂದು ಮನೆ ನೋಡಿ, ಒಡೆದ ಒಂದು ಗಾಜಿನ ಬಟ್ಟಲನ್ನೂ ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಹಣವನ್ನು ಹಿಂದಿರುಗಿಸಿದರು.

ಮರಳುವ ಬಗ್ಗೆ ನಮ್ಮ ನಿರ್ಧಾರ ಏನಾಯಿತು ಎಂದು ಕೇಳುವವರಿಗೆ: ಮರಳುತ್ತೇವೆ, ಆದರೆ ಈ ವರ್ಷವಲ್ಲ. ಬವೇರಿಯಾದಲ್ಲಿ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ; ಆ ವರ್ಷದ ಅಂಕಗಳ ಮೇಲೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. ಮಗಳೀಗ ಮೂರನೆಯ ತರಗತಿ. ನಾಲ್ಕನ್ನು ಅಲ್ಲಿ ಮುಗಿಸಿ, ಐದನೆಯದನ್ನು ಮೈಸೂರಿನಲ್ಲಿ ಆರಂಭಿಸುವುದು ಅವಳಿಗೆ ಹಿತ. ನನಗೆ ಇಲ್ಲಿ ಕೆಲಸ ಸಿಗಬೇಕು. ಇಲ್ಲಿದ್ದಾಗಲೇ ಎರಡು ಕಡೆ ಮಾತಾಡಿ ಬಂದಿದ್ದೇನೆ, ಒಂದು ಕಡೆ ಭರವಸೆ ಇದೆ. ಕೆಲಸ ಗಟ್ಟಿಯಾಗದೆ ಹೊರಡುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದೇವೆ.

ಈ ಮನೆಯನ್ನು ಹಿಡಿಯಬಯಸುವವರು ಎರಡು ಮೂರು ತಿಂಗಳು ಮೊದಲೇ ಕೇಳಬೇಕು; ದಸರಾ ಹೊತ್ತಿಗೆ ಸಿಗುವುದೇ ಇಲ್ಲ. ಊರು ನೋಡಲು ಬರುವವರಿಗೆ ಇದು ಬೇಡ, ಹೋಟೆಲ್ ಸಾಕು. ತಂದೆತಾಯಿಗೆ ಮೆಟ್ಟಿಲು ಹತ್ತಲು ಆಗದಿದ್ದರೆ ನೆಲಮಹಡಿಯ ಮನೆಯನ್ನೇ ಹುಡುಕಿ. ನಾವು ಮುಂದಿನ ಸಲಕ್ಕೂ ಇದೇ ಮನೆಯನ್ನು ಕಾದಿರಿಸಿದ್ದೇವೆ, ಈಸ್ಟರ್ ರಜೆಗೆ. ಆಗ ಮೈಸೂರಿನಲ್ಲಿ ಬಿಸಿಲು ಏರಿರುತ್ತದೆ, ನೀರಿಗೂ ತಾಪತ್ರಯ ಇರಬಹುದು. ಆ ಕಾಲದಲ್ಲೂ ಸಂಸಾರ ನಡೆಸಿ ನೋಡಬೇಕು. ಮೇಜಿನ ಕಾಲು ಸರಿಮಾಡಿಸಿ ಇಡುತ್ತೇನೆಂದು ಮಾಲೀಕರು ಮಾತು ಕೊಟ್ಟಿದ್ದಾರೆ.